ಸೆಪ್ಟಿಕ್ ಶಾಕ್‌ನ ಮೊದಲ ಗಂಟೆಗಳಲ್ಲಿ ರಕ್ತ: ಈಗಲೇ ಏರಿಸಬೇಕಾ, ಕಾಯಬೇಕಾ?

ಸೋಂಕು ಮೈಗೆಲ್ಲಾ ಏರಿ ಬಿಪಿ ಬಿದ್ದ ರೋಗಿ ಎಮರ್ಜೆನ್ಸಿಗೆ ಬಂದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಎಚ್‌ಬಿ (ಹಿಮೋಗ್ಲೋಬಿನ್) 8.4 ಇದೆ, ರಕ್ತ ಹಾಕೋಣವಾ? ಕೆಲವೊಮ್ಮೆ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ಕೆಲವೊಮ್ಮೆ ಸಿಸ್ಟರ್ ಕೇಳುತ್ತಾರೆ. ಹೊರಗೆ ಕೂತ ಮನೆಯವರಂತೂ ಕೇಳದೆ ಇರುವುದೇ ಇಲ್ಲ. "ಸರ್, ರಿಪೋರ್ಟಲ್ಲಿ ರಕ್ತ ಕಮ್ಮಿ ಅಂತ ಬಂದಿದೆ. ನಮ್ಮ ಹುಡುಗರು ಕೊಡೋಕೆ ರೆಡಿ ಇದ್ದಾರೆ. ಯಾಕೆ ಹಾಕ್ತಿಲ್ಲ?"

ಕೇಳುವುದರಲ್ಲಿ ತಪ್ಪೇನಿಲ್ಲ. 2001ರಿಂದ ಸುಮಾರು 10 ವರ್ಷ ದೊಡ್ಡ ದೊಡ್ಡ ಆಸ್ಪತ್ರೆಗಳೂ ಇಂಥ ರೋಗಿಗೆ ಬೇಗ ರಕ್ತ ಹಾಕುವುದೇ ಸರಿ ಎಂದುಕೊಂಡಿದ್ದವು. ಈಗ ಹಾಗಿಲ್ಲ. ರಕ್ತಸ್ರಾವ, ಹೃದಯಾಘಾತ ಇಂಥದ್ದೇನೂ ಇಲ್ಲದಿದ್ದರೆ ಎಚ್‌ಬಿ 7ಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯುವುದು ವಾಡಿಕೆ. ನನ್ನ ನಿಲುವೂ ಅದೇ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೊದಲ ಗಂಟೆಗಳಲ್ಲಿ ರಕ್ತಕ್ಕಾಗಿ ಓಡಾಡುವ ಭರದಲ್ಲಿ ಆಂಟಿಬಯೋಟಿಕ್ ತಡವಾದರೆ, ಆ ನಷ್ಟವನ್ನು ಯಾವ ಬಾಟಲಿ ರಕ್ತವೂ ತುಂಬಿಕೊಡುವುದಿಲ್ಲ.

ಶಾಕ್ ಅಂದರೆ ಇಲ್ಲಿ ಏನಾಗಿದೆ?

ಅಪಘಾತವಾದವರಿಗೆ ರಕ್ತ ಹೊರಗೆ ಹೋಗಿ ಬಿಪಿ ಬೀಳುತ್ತದೆ. ಅವರಿಗೆ ರಕ್ತವೇ ಮದ್ದು. ಸೆಪ್ಟಿಕ್ ಶಾಕ್‌ನಲ್ಲಿ ರಕ್ತ ಎಲ್ಲಿಗೂ ಹೋಗಿರುವುದಿಲ್ಲ. ರಕ್ತನಾಳಗಳು ಸಡಿಲಗೊಂಡಿರುತ್ತವೆ, ಅವುಗಳ ಗೋಡೆಯಿಂದ ನೀರಿನಂಶ ಸೋರಿ ಹೋಗಿರುತ್ತದೆ, ಕೆಲವರಲ್ಲಿ ಹೃದಯವೂ ಸೋತಿರುತ್ತದೆ. ಸಾಕಷ್ಟು ಡ್ರಿಪ್ ಕೊಟ್ಟ ಮೇಲೂ ಸರಾಸರಿ ಬಿಪಿಯನ್ನು 65ರಲ್ಲಿ ಹಿಡಿದಿಡಲು ಔಷಧಿ ಬೇಕು, ಲ್ಯಾಕ್ಟೇಟ್ (ಅಂಗಾಂಗಗಳು ಕಷ್ಟದಲ್ಲಿದ್ದಾಗ ರಕ್ತದಲ್ಲಿ ಏರುವ ವಸ್ತು) 2ಕ್ಕಿಂತ ಮೇಲಿದೆ ಎಂದಾದರೆ ಅದು ಸೆಪ್ಟಿಕ್ ಶಾಕ್.

ಹಾಗಾದರೆ ರಕ್ತ ಹಾಕಿದರೆ ಏನು ಸಿಗುತ್ತದೆ? ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಎಂಎಲ್ ಆಕ್ಸಿಜನ್ ಹೊರುತ್ತದೆ. ಒಂದು ಬಾಟಲಿ ಪ್ಯಾಕ್ಡ್ ಸೆಲ್ (ರಕ್ತದಿಂದ ಬೇರ್ಪಡಿಸಿದ ಕೆಂಪು ಕಣ) ಹಾಕಿದರೆ ದೊಡ್ಡವರ ಎಚ್‌ಬಿ ಸುಮಾರು 1 ಗ್ರಾಂ ಏರುತ್ತದೆ. 8 ಇದ್ದದ್ದು 9 ಆಯಿತು ಎಂದಿಟ್ಟುಕೊಳ್ಳಿ. ಆಕ್ಸಿಜನ್ ಸಾಗಾಟ ಹೆಚ್ಚಾದದ್ದು ಶೇ. 12ರಷ್ಟು. ಅದೇ ರೋಗಿಯ ಹೃದಯ ನಿಮಿಷಕ್ಕೆ 4 ಲೀಟರ್ ಪಂಪ್ ಮಾಡುತ್ತಿದ್ದದ್ದು ಡ್ರಿಪ್ ಮತ್ತು ಔಷಧಿಯಿಂದ 6 ಲೀಟರ್‌ಗೆ ಬಂದರೆ ಸಾಗಾಟ ಶೇ. 50ರಷ್ಟು ಹೆಚ್ಚುತ್ತದೆ. ಅದೂ ಕೆಲವೇ ನಿಮಿಷಗಳಲ್ಲಿ, ಕ್ರಾಸ್‌ಮ್ಯಾಚ್‌ಗೆ (ರಕ್ತ ಹೊಂದುತ್ತದಾ ಎಂದು ನೋಡುವ ಪರೀಕ್ಷೆಗೆ) ಕಾಯದೆ.

ಇನ್ನೊಂದು ತೊಡಕೂ ಇದೆ. ಫ್ರಿಜ್‌ನಲ್ಲಿಟ್ಟ ಕೆಂಪು ಕಣಗಳು ದಿನ ಕಳೆದಂತೆ ಹೊತ್ತ ಆಕ್ಸಿಜನ್ನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದೇಹದೊಳಗೆ ಹೋದ ಮೇಲೆ ಆ ಗುಣ ಮರಳಿ ಬರಲು ಹಲವು ಗಂಟೆ ಬೇಕು. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕು ಮೈಗೆಲ್ಲಾ ಏರಿದಾಗ, ಅತಿ ಸಣ್ಣ ರಕ್ತನಾಳಗಳಲ್ಲಿ ಹರಿವೂ ಕೆಟ್ಟಿರುತ್ತದೆ. ಬಡಾವಣೆಯ ರಸ್ತೆಯೇ ಬಂದ್ ಆಗಿರುವಾಗ ಇನ್ನೊಂದು ನೀರಿನ ಟ್ಯಾಂಕರ್ ಕಳಿಸಿದರೆ ಮನೆಗೆ ನೀರು ಬರುತ್ತದಾ? ಹಾಗೆಯೇ ಇದು.

ಮೊದಲ ಆಯ್ಕೆ: ಧಾರಾಳವಾಗಿ, ಬೇಗ

ಈ ದಾರಿ ಶುರುವಾದದ್ದು ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ. ಡಾ. ಇಮ್ಯಾನುಯೆಲ್ ರಿವರ್ಸ್ ಮತ್ತು ಸಂಗಡಿಗರು 263 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಎಮರ್ಜೆನ್ಸಿಯಲ್ಲೇ ಮೊದಲ 6 ಗಂಟೆ ಒಂದು ಕಟ್ಟುನಿಟ್ಟಾದ ಕ್ರಮ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕಿ ಮರಳಿ ಬರುವ ರಕ್ತದಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ನೋಡುತ್ತಿದ್ದರು. ಡ್ರಿಪ್ ಕೊಟ್ಟು ಬಿಪಿ ಸರಿ ಮಾಡಿದ ಮೇಲೂ ಅದು ಶೇ. 70ಕ್ಕಿಂತ ಕಡಿಮೆ ಇದ್ದರೆ ಹಿಮಟೋಕ್ರಿಟ್ 30 ಆಗುವವರೆಗೆ ರಕ್ತ. ಹಿಮಟೋಕ್ರಿಟ್ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು. ಅದು 30 ಅಂದರೆ ಎಚ್‌ಬಿ ಸುಮಾರು 10.

ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಆಸ್ಪತ್ರೆಯಲ್ಲಿ ಸಾವು ಶೇ. 46.5ರಿಂದ 30.5ಕ್ಕೆ ಇಳಿಯಿತು. ಹೊಸ ಕ್ರಮದ ಗುಂಪಿನಲ್ಲಿ ಮೊದಲ 6 ಗಂಟೆಯಲ್ಲೇ ಶೇ. 64 ಜನರಿಗೆ ರಕ್ತ ಹಾಕಿದ್ದರು, ಇನ್ನೊಂದು ಗುಂಪಿನಲ್ಲಿ ಶೇ. 18.5 ಜನರಿಗೆ ಮಾತ್ರ. ಲೋಕವೆಲ್ಲಾ ಇದನ್ನು ಅನುಸರಿಸಿತು. ಆದರೆ ಉಳಿಸಿದ್ದು ಯಾವುದು? ಬೇಗ ಗುರುತಿಸಿದ್ದಾ, ಡ್ರಿಪ್ಪಾ, ಹಾಸಿಗೆ ಪಕ್ಕ ಬಿಡದೆ ನಿಂತ ಡಾಕ್ಟರಾ, ರಕ್ತವಾ? ಎಲ್ಲವೂ ಒಂದೇ ಕಟ್ಟಿನಲ್ಲಿದ್ದವು. ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಉತ್ತರಕ್ಕೆ 10 ವರ್ಷಕ್ಕೂ ಮೇಲೆ ಕಾಯಬೇಕಾಯಿತು. ಅಮೆರಿಕದ ಪ್ರೋಸೆಸ್ (1341 ರೋಗಿಗಳು), ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ ಮುಂದೆ ನಿಂತು ನಡೆಸಿದ ಅರೈಸ್ (1600), ಇಂಗ್ಲೆಂಡಿನ ಪ್ರಾಮಿಸ್ (1260). 2014–15ರಲ್ಲಿ ಈ ಮೂರೂ ಅಧ್ಯಯನಗಳು ಒಂದರ ಹಿಂದೊಂದು ಬಂದವು. ಮೂರರಲ್ಲೂ ಡೆಟ್ರಾಯಿಟ್ ಕ್ರಮಕ್ಕೂ ಸಾಮಾನ್ಯ ಒಳ್ಳೆಯ ಚಿಕಿತ್ಸೆಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರೈಸ್‌ನಲ್ಲಿ 90 ದಿನದೊಳಗಿನ ಸಾವು ಡೆಟ್ರಾಯಿಟ್ ಕ್ರಮದ ಗುಂಪಿನಲ್ಲಿ ಶೇ. 18.6, ಇನ್ನೊಂದರಲ್ಲಿ 18.8. ಡೆಟ್ರಾಯಿಟ್ ಕ್ರಮದಲ್ಲಿ ರಕ್ತ ಹಾಕಿಸಿಕೊಂಡವರು ಮಾತ್ರ ಸುಮಾರು ಎರಡು ಪಟ್ಟು. ಶೇ. 13.6 ಜನರಿಗೆ ಹಾಕಿದ್ದರು, ಇನ್ನೊಂದು ಕಡೆ ಶೇ. 7 ಜನರಿಗೆ.

ರಿವರ್ಸ್ ಅವರದ್ದು ಸುಳ್ಳಾಗಿತ್ತಾ? ನಾನು ಹಾಗೆ ಹೇಳುವುದಿಲ್ಲ. ಅವರ ರೋಗಿಗಳಲ್ಲಿ ಮರಳಿ ಬರುವ ಆಕ್ಸಿಜನ್ ಶುರುವಿನಲ್ಲೇ ಶೇ. 49ರ ಹತ್ತಿರ ಇತ್ತು. ಹೊಸ ಅಧ್ಯಯನಗಳಲ್ಲಿ ಅದು 70ರ ಆಸುಪಾಸು. ಅಂದರೆ ಡೆಟ್ರಾಯಿಟ್‌ಗೆ ಬಂದವರು ತುಂಬಾ ತಡವಾಗಿ, ತುಂಬಾ ಸೋತು ಬಂದಿದ್ದರು. ಜೊತೆಗೆ, 2014ರ ಹೊತ್ತಿಗೆ "ಸಾಮಾನ್ಯ ಚಿಕಿತ್ಸೆ"ಯೇ ಎಷ್ಟೋ ಸುಧಾರಿಸಿತ್ತು. ಅದಕ್ಕೆ ಕಾರಣ ಆ 2001ರ ಅಧ್ಯಯನವೇ. ತಡವಾಗಿ ಬರುವ ರೋಗಿಗಳು ನಮ್ಮ ಕಡೆ ಇಂದಿಗೂ ಜಾಸ್ತಿ. ಹಾಗಾಗಿ ಈ ವಿಷಯ ಮನಸ್ಸಿನಲ್ಲಿರಲಿ.

ಎರಡನೇ ಆಯ್ಕೆ: 7ರವರೆಗೆ ಕಾಯುವುದು

1999ರಲ್ಲಿ ಕೆನಡಾದ ಟ್ರಿಕ್ ಅಧ್ಯಯನ ಐಸಿಯು ರೋಗಿಗಳಿಗೆ 7 ಸಾಕು ಎಂದು ತೋರಿಸಿತ್ತು. ಆದರೆ ಅದರಲ್ಲಿ ಎಲ್ಲಾ ಥರದ ರೋಗಿಗಳಿದ್ದರು. ಸೆಪ್ಟಿಕ್ ಶಾಕ್‌ಗೆಂದೇ ನೇರವಾಗಿ ಕೇಳಿದ್ದು 2014ರ ಟ್ರಿಸ್ ಅಧ್ಯಯನ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್‌ನ 32 ಐಸಿಯುಗಳು, ಸುಮಾರು 1000 ರೋಗಿಗಳು. ಒಂದು ಗುಂಪಿಗೆ ಎಚ್‌ಬಿ 7 ಅಥವಾ ಕಡಿಮೆ ಆದಾಗ ರಕ್ತ, ಇನ್ನೊಂದಕ್ಕೆ 9 ಅಥವಾ ಕಡಿಮೆ ಆದಾಗ. ಪ್ರತಿ ಸಲವೂ ಒಂದೇ ಬಾಟಲಿ, ಮತ್ತೆ ಟೆಸ್ಟ್.

90 ದಿನದೊಳಗೆ ಸಾವು: 7ರ ಗುಂಪಿನಲ್ಲಿ ಶೇ. 43, 9ರ ಗುಂಪಿನಲ್ಲಿ ಶೇ. 45. ವ್ಯತ್ಯಾಸವಿಲ್ಲ ಎಂದೇ ಲೆಕ್ಕ. ಹೃದಯ, ಮೆದುಳು, ಕರುಳಿಗೆ ರಕ್ತ ಸಾಲದೆ ಆಗುವ ತೊಂದರೆಗಳಲ್ಲೂ ವ್ಯತ್ಯಾಸವಿರಲಿಲ್ಲ. ಖರ್ಚಾದ ರಕ್ತ ಮಾತ್ರ ಅರ್ಧಕ್ಕರ್ಧ ಕಡಿಮೆ: 1545 ಬಾಟಲಿ ಎದುರು 3088. 7ರ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಐಸಿಯುನಲ್ಲಿ ಒಂದು ಬಾಟಲಿಯನ್ನೂ ಹಾಕಿಸಿಕೊಳ್ಳದೆ ಚಿಕಿತ್ಸೆ ಮುಗಿಸಿದರು.

ಇದರ ಮೇಲೆಯೇ ಇಂದಿನ ಮಾರ್ಗಸೂಚಿ ನಿಂತಿದೆ. ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನ 2021ರ ಆವೃತ್ತಿ ಬಿಗಿ ಹಿಡಿತದ ದಾರಿಯನ್ನೇ, ಅಂದರೆ ಎಚ್‌ಬಿ ಕೆಳಗಿಳಿಯುವವರೆಗೆ ಕಾಯುವುದನ್ನೇ, ಶಿಫಾರಸು ಮಾಡುತ್ತದೆ. ಎರಡು ಮಾತು ಸೇರಿಸಬೇಕು. ಟ್ರಿಸ್‌ನ ರೋಗಿಗಳು ಐಸಿಯು ಸೇರಿದವರು, ಎಮರ್ಜೆನ್ಸಿಯ ಮೊದಲ ಒಂದು ಗಂಟೆಯವರಲ್ಲ. ಮೊದಲ 6 ಗಂಟೆಯ ಮಾತಿಗೆ ಮೇಲಿನ ಮೂರು ಅಧ್ಯಯನಗಳನ್ನೇ ಜೊತೆಗಿಟ್ಟು ಓದಬೇಕು. ಮತ್ತೆ, ಅಲ್ಲಿ ಹಾಕಿದ್ದು ಬಿಳಿ ರಕ್ತಕಣ ಸೋಸಿ ತೆಗೆದ ರಕ್ತ. ನಮ್ಮಲ್ಲಿ ಎಲ್ಲಾ ಬ್ಲಡ್ ಬ್ಯಾಂಕ್‌ಗಳಲ್ಲೂ ಅದು ಸಿಗುವುದಿಲ್ಲ. ಸೋಸದ ರಕ್ತದಲ್ಲಿ ಜ್ವರ, ಚಳಿಯ ತೊಂದರೆ ಜಾಸ್ತಿ. ಹಾಗಾಗಿ ನಮಗೆ ಕಾಯುವ ಕಡೆಯೇ ತೂಕ ಇನ್ನಷ್ಟು ಹೆಚ್ಚು ಎಂದು ನನ್ನ ಅಭಿಪ್ರಾಯ.

7ರ ಗೆರೆ ಯಾರಿಗೆ ಹೊಂದುವುದಿಲ್ಲ?

ಇಲ್ಲಿ ನಿಧಾನಿಸಿ ಓದಿ. ಯಾಕೆಂದರೆ "7ಕ್ಕಿಂತ ಮೇಲೆ ಇದೆ, ಬೇಡ" ಎಂದು ಕಣ್ಣು ಮುಚ್ಚಿ ಹೇಳುವುದೂ ಅಪಾಯವೇ.

ರಕ್ತ ಸೋರುತ್ತಿರುವವರು ಮೊದಲನೆಯವರು. ಹೆರಿಗೆಯಾದ ಮೇಲೆ ಗರ್ಭಕೋಶದ ಸೋಂಕು, ಜೊತೆಗೆ ಬ್ಲೀಡಿಂಗ್. ಲಿವರ್ ಕಾಯಿಲೆಯವರಿಗೆ ರಕ್ತವಾಂತಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತಸ್ರಾವ. ಇವರಲ್ಲಿ ಎಚ್‌ಬಿ ಸಂಖ್ಯೆ ನಿಜ ಸ್ಥಿತಿಗಿಂತ ಹಿಂದೆ ಇರುತ್ತದೆ. ಸಂಖ್ಯೆಗೆ ಕಾಯದೆ ರಕ್ತ ತರಿಸಬೇಕು.

ಎರಡನೆಯವರು ಹೃದಯಾಘಾತ ಜೊತೆಗಿರುವವರು. ಟ್ರಿಸ್ ಇಂಥವರನ್ನು ಸೇರಿಸಿಕೊಂಡೇ ಇರಲಿಲ್ಲ. 2023ರಲ್ಲಿ ಬಂದ ಮಿಂಟ್ ಅಧ್ಯಯನದಲ್ಲಿ ಹೃದಯಾಘಾತ ಮತ್ತು ರಕ್ತಹೀನತೆ ಎರಡೂ ಇದ್ದ 3504 ಜನರಿದ್ದರು. 30 ದಿನದೊಳಗೆ ಸಾವು ಅಥವಾ ಮತ್ತೊಂದು ಹೃದಯಾಘಾತ ಬಿಗಿ ಗುಂಪಿನಲ್ಲಿ ಶೇ. 16.9, ಧಾರಾಳ ಗುಂಪಿನಲ್ಲಿ 14.5. ಅಂಕಿಅಂಶದ ಗೆರೆ ದಾಟದಿದ್ದರೂ ವಾಲಿದ ಕಡೆ ಯಾವುದು ಎಂದು ಕಾಣುತ್ತದೆ. ಇವರಿಗೆ 8ರಿಂದ 10ರ ನಡುವೆ ಹೃದಯದ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸುವುದು ಒಳ್ಳೆಯದು. ಹಳೆಯ ಹೃದಯ ಕಾಯಿಲೆ ಇದೆ, ಈಗ ಎದೆನೋವಾಗಲಿ ಇಸಿಜಿ ಬದಲಾವಣೆಯಾಗಲಿ ಇಲ್ಲ ಎಂದರೆ ಮಾತು ಬೇರೆ. ಟ್ರಿಸ್‌ನಲ್ಲಿ ಅಂಥವರಿಗೆ 7ರ ಗೆರೆಯಿಂದ ಹೆಚ್ಚಿನ ಹಾನಿ ಕಾಣಲಿಲ್ಲ.

ವೆಂಟಿಲೇಟರ್‌ನಲ್ಲೂ ಆಕ್ಸಿಜನ್ ತೀರಾ ಕಡಿಮೆ ಇರುವವರಿಗೂ 7ರ ಗೆರೆಯನ್ನು ಸಡಿಲಿಸಬಹುದು.

ಮಕ್ಕಳ ಲೆಕ್ಕ ಬೇರೆ. ಶಾಕ್‌ನಿಂದ ಚೇತರಿಸಿಕೊಂಡು ಸ್ಥಿರವಾದ ಮಗುವಿಗೆ 7 ಅಥವಾ ಮೇಲಿದ್ದರೆ ರಕ್ತ ಬೇಡ ಎಂದು 2020ರ ಮಕ್ಕಳ ಮಾರ್ಗಸೂಚಿ ಸೂಚಿಸುತ್ತದೆ. ಇನ್ನೂ ಶಾಕ್‌ನಲ್ಲೇ ಇರುವ ಮಗುವಿಗೆ ಇಷ್ಟೇ ಎಂದು ಅದು ಸಂಖ್ಯೆ ಕೊಟ್ಟಿಲ್ಲ. ಆ ತೀರ್ಮಾನ ಮಕ್ಕಳ ಡಾಕ್ಟರಿಗೇ ಬಿಡಿ.

ಡೆಂಗಿ ಶಾಕ್ ಅನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಪ್ಲಾಸ್ಮಾ (ರಕ್ತದ ನೀರಿನ ಭಾಗ) ಸೋರಿ ಹಿಮಟೋಕ್ರಿಟ್ ಏರುತ್ತದೆ. ಬಿಪಿ ಸರಿಯಾಗದೆ ಹಿಮಟೋಕ್ರಿಟ್ ಮಾತ್ರ ಇಳಿದರೆ ಒಳಗೆಲ್ಲೋ ರಕ್ತಸ್ರಾವ ಎಂದೇ ಅನುಮಾನಿಸಬೇಕು, ಆಗ ರಕ್ತ ಬೇಕು.

ಆ ಎಚ್‌ಬಿ ನಂಬಬಹುದಾ?

ಬಂದ ತಕ್ಷಣ 10.2. ಎರಡು ಲೀಟರ್ ಡ್ರಿಪ್ ಹೋದ ಮೇಲೆ 8.6. ಮನೆಯವರಿಗೆ ಗಾಬರಿ, ಡ್ಯೂಟಿ ಡಾಕ್ಟರಿಗೆ ಅನುಮಾನ. ಹೆಚ್ಚಿನ ಸಲ ಇದು ರಕ್ತಸ್ರಾವವಲ್ಲ. ಬರುವಾಗ ನೀರಿನಂಶ ಒಣಗಿ ರಕ್ತ ಗಟ್ಟಿಯಾಗಿತ್ತು, ಡ್ರಿಪ್ ಸೇರಿ ತೆಳುವಾಯಿತು, ಅಷ್ಟೇ. ಮಲ ಕಪ್ಪಗಿದೆಯಾ, ಹೊಟ್ಟೆ ಉಬ್ಬಿದೆಯಾ, ಮೂಗಿನ ಟ್ಯೂಬ್‌ನಲ್ಲಿ ಕಾಫಿ ಬಣ್ಣ ಬರುತ್ತಿದೆಯಾ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಟೆಸ್ಟ್ ಕಳಿಸಿ.

ಸ್ಯಾಂಪಲ್ ಯಾವ ಕೈಯಿಂದ ತೆಗೆದರು ಎಂದೂ ಕೇಳಿ. ಡ್ರಿಪ್ ಓಡುತ್ತಿರುವ ಕೈಯಲ್ಲೇ ಸೂಜಿಗಿಂತ ಮೇಲೆ ಚುಚ್ಚಿ ತೆಗೆದರೆ ಸಲೈನ್ ಬೆರೆತು ಎಚ್‌ಬಿ ಸುಳ್ಳೇ ಕಡಿಮೆ ಬರುತ್ತದೆ. ಬಿಪಿ ಬಿದ್ದು ಬೆರಳು ತಣ್ಣಗಿರುವಾಗ ಬೆರಳು ಚುಚ್ಚಿ ನೋಡುವ ಮೆಷಿನ್ನಿನ ಸಂಖ್ಯೆಯನ್ನೂ ಪೂರ್ತಿ ನೆಚ್ಚಬೇಡಿ.

ನಮ್ಮಲ್ಲಿ ಇನ್ನೊಂದು ಮಾತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ವರ್ಷಗಟ್ಟಲೆ 8ರಲ್ಲೇ ಇದ್ದು ಹೊಲ ಮನೆ ಎಲ್ಲಾ ನೋಡಿಕೊಂಡ ಅಮ್ಮನ ದೇಹ ಆ 8ಕ್ಕೆ ಒಗ್ಗಿಕೊಂಡಿರುತ್ತದೆ. ಆ ಸಂಖ್ಯೆಯನ್ನು ಶಾಕ್‌ನ ಮೊದಲ ರಾತ್ರಿಯೇ ಸರಿ ಮಾಡಬೇಕಿಲ್ಲ. ಗುಣವಾದ ಮೇಲೆ ಕಬ್ಬಿಣಾಂಶದ ಚಿಕಿತ್ಸೆ ಖಂಡಿತ ಬೇಕು.

ರಕ್ತದ ಬದಲು ಆ ಗಂಟೆಗಳಲ್ಲಿ ಏನು?

ಆಂಟಿಬಯೋಟಿಕ್, ಶಾಕ್ ಇದ್ದರೆ ಒಂದು ಗಂಟೆಯೊಳಗೆ. ಊರಿನ ಕಾಯಿಲೆ ನೆನಪಿಟ್ಟುಕೊಂಡು ಆರಿಸಿ. ಸ್ಕ್ರಬ್ ಟೈಫಸ್ (ಸಣ್ಣ ಹುಳ ಕಚ್ಚಿ ಬರುವ ಜ್ವರ) ಅನುಮಾನವಿದ್ದರೆ ಡಾಕ್ಸಿಸೈಕ್ಲಿನ್ ಸೇರಿಸಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರು ಬಂದರೆ ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ಮರೆಯಬೇಡಿ, ಅದಕ್ಕೆ ಸೆಫ್ಟಜಿಡೀಮ್ ಅಥವಾ ಮೆರೊಪೆನಮ್ ಬೇಕು. ಕಲ್ಲು ಅಡ್ಡ ಬಂದು ಕಿಡ್ನಿಯಲ್ಲಿ ಕೀವು ತುಂಬಿದ್ದರೆ ಆ ಕೀವು ಹೊರಗೆ ಬರಲೇಬೇಕು.

ಡ್ರಿಪ್ ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಎಂಎಲ್ ಎಂದು ಮಾರ್ಗಸೂಚಿ ಹೇಳುತ್ತದೆ. 60 ಕೆಜಿಯವರಿಗೆ 1800 ಎಂಎಲ್. ಆರ್‌ಎಲ್ (ರಿಂಗರ್ಸ್ ಲ್ಯಾಕ್ಟೇಟ್) ಥರದ ದ್ರವ ಸಾಕು. ಸ್ಟಾರ್ಚ್ (ಪಿಷ್ಟ ಬೆರೆಸಿದ ಡ್ರಿಪ್) ಬೇಡವೇ ಬೇಡ. 2012ರ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ ಅದನ್ನು ಕೊಟ್ಟವರಲ್ಲಿ ಶೇ. 51 ಜನ ಸತ್ತರು, ರಿಂಗರ್ಸ್ ಕೊಟ್ಟವರಲ್ಲಿ ಶೇ. 43. ಆಲ್ಬುಮಿನ್ (ರಕ್ತದ ಪ್ರೋಟೀನ್ ಇರುವ ಡ್ರಿಪ್) ದುಬಾರಿ. ಇಟಲಿಯ 1818 ರೋಗಿಗಳ ಅಧ್ಯಯನದಲ್ಲಿ ಅದರಿಂದ ಒಟ್ಟಾರೆ ಜೀವ ಉಳಿದದ್ದು ಕಾಣಲಿಲ್ಲ. ಮನೆಯವರ ಕೈಯಿಂದ ಮೊದಲ ದಿನವೇ ಅದನ್ನು ತರಿಸುವ ಅಗತ್ಯವಿಲ್ಲ.

ಬಿಪಿ ಏಳದಿದ್ದರೆ ನಾರ್‌ಅಡ್ರಿನಲಿನ್, ಅಂದರೆ ರಕ್ತನಾಳ ಬಿಗಿಸಿ ಬಿಪಿ ಏರಿಸುವ ಔಷಧಿ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಲೈನ್) ಇಲ್ಲ ಎಂದು ಕಾಯಬೇಡಿ. ಕೈಯ ಒಳ್ಳೆಯ ರಕ್ತನಾಳದಲ್ಲಿ ಶುರು ಮಾಡಿ, ಆ ಜಾಗ ಕಣ್ಣಲ್ಲಿಟ್ಟು ನೋಡುತ್ತಿದ್ದರೆ ಸಾಕು.

ಇದೆಲ್ಲ ಕೆಲಸ ಮಾಡುತ್ತಿದೆಯಾ ಎಂದು ನೋಡಲು ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ದುಡ್ಡು ಬೇಡ, ಮೆಷಿನ್ ಬೇಡ. ಲ್ಯಾಬಿನ ಒಂದು ಗಾಜಿನ ಸ್ಲೈಡ್ ತೆಗೆದುಕೊಂಡು ರೋಗಿಯ ಬಲಗೈ ತೋರುಬೆರಳ ತುದಿಯನ್ನು ಬಿಳುಪಾಗುವವರೆಗೆ ಒತ್ತಿ. 10 ಸೆಕೆಂಡ್ ಹಾಗೇ ಹಿಡಿದು ಬಿಡಿ. 3 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ 424 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಈ ಬೆರಳ ಪರೀಕ್ಷೆಯನ್ನು ಲ್ಯಾಕ್ಟೇಟ್ ಎದುರು ಇಟ್ಟು ನೋಡಿತು. ಬೆರಳು ಲ್ಯಾಕ್ಟೇಟ್‌ಗಿಂತ ಹಿಂದೆ ಬೀಳಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೂ ಅರ್ಧ ಗಂಟೆಗೊಮ್ಮೆ ಮಾಡಬಹುದು.

ಸೌಲಭ್ಯ ಕಡಿಮೆ ಇರುವ ಕಡೆ

ಜಾಂಬಿಯಾದ ಲುಸಾಕಾದಲ್ಲಿ ನಡೆದ ಒಂದು ಅಧ್ಯಯನವನ್ನು ನಾವು ಓದಲೇಬೇಕು. 2017ರಲ್ಲಿ ಪ್ರಕಟವಾಯಿತು. ಸೆಪ್ಸಿಸ್ ಆಗಿ ಬಿಪಿ ಬಿದ್ದ ಸುಮಾರು 200 ಜನ, ಹೆಚ್ಚಿನವರು ಎಚ್‌ಐವಿ ಇದ್ದವರು, ಐಸಿಯು ಸೌಲಭ್ಯ ತೀರಾ ಕಡಿಮೆ. ಒಂದು ಗುಂಪಿಗೆ ಮೊದಲ 6 ಗಂಟೆ ಕ್ರಮಬದ್ಧವಾಗಿ ಡ್ರಿಪ್, ಬಿಪಿ ಔಷಧಿ, ಎಚ್‌ಬಿ 7ಕ್ಕಿಂತ ಕಡಿಮೆ ಇದ್ದರೆ ರಕ್ತ. ಸಾವು ಆ ಗುಂಪಿನಲ್ಲೇ ಜಾಸ್ತಿ: ಶೇ. 48.1, ಎದುರಿನ ಗುಂಪಿನಲ್ಲಿ 33. ಹಾನಿ ರಕ್ತದಿಂದಲೇ ಬಂತು ಎಂದು ಇದರಿಂದ ಹೇಳಲು ಬರುವುದಿಲ್ಲ. ಉಸಿರಾಟ ಕೆಟ್ಟರೆ ವೆಂಟಿಲೇಟರ್ ಇಲ್ಲದ ಕಡೆ ದೇಹಕ್ಕೆ ಸೇರಿಸುವ ಪ್ರತಿ ಎಂಎಲ್ ಅನ್ನೂ ಯೋಚಿಸಿ ಕೊಡಬೇಕು ಎನ್ನುವುದು ಸ್ಪಷ್ಟ. ರಕ್ತವೂ ಆ ಎಂಎಲ್ ಲೆಕ್ಕಕ್ಕೇ ಸೇರುತ್ತದೆ. ಪ್ರತಿ ಸಲ ಕೊಡುವ ಮುಂಚೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಉಸಿರು ಎಣಿಸಿ.

ಹಾಕುವುದೇ ಎಂದಾದರೆ

ಪ್ಯಾಕ್ಡ್ ಸೆಲ್, ಒಂದು ಬಾಟಲಿ. ಮತ್ತೆ ಎಚ್‌ಬಿ ನೋಡಿ. 7.4 ಬಂದಿದ್ದರೆ ಎರಡನೆಯದು ಬ್ಲಡ್ ಬ್ಯಾಂಕ್‌ನಲ್ಲೇ ಇರಲಿ. ಪ್ಲಾಸ್ಮಾವನ್ನು ಸುಮ್ನೆ ರಿಪೋರ್ಟ್‌ನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಹೆಚ್ಚಿದೆ ಎಂದು ಹಾಕಬೇಡಿ, ರಕ್ತಸ್ರಾವ ಅಥವಾ ಆಪರೇಷನ್ ಇದ್ದರೆ ಮಾತ್ರ. ಪ್ಲೇಟ್‌ಲೆಟ್, ರಕ್ತಸ್ರಾವವಿಲ್ಲದವರಿಗೆ 10,000ಕ್ಕಿಂತ ಕೆಳಗೆ ಬಂದಾಗ. ರಕ್ತಸ್ರಾವದ ಭಯ ಜಾಸ್ತಿ ಇದ್ದರೆ 20,000.

ಬಾಟಲಿ ಹಾಸಿಗೆ ಪಕ್ಕ ಬಂದ ಮೇಲೆ ಇಬ್ಬರು ಸೇರಿ ಹೆಸರು, ಐಪಿ ನಂಬರ್, ಗುಂಪು, ಬ್ಯಾಗ್ ನಂಬರ್, ಕೊನೆಯ ದಿನಾಂಕ ಓದಿ ಹೇಳಬೇಕು. ಶುರು ಮಾಡುವ ಮುಂಚೆ ಟೆಂಪರೇಚರ್ ಬರೆದಿಡಿ. ಸೆಪ್ಸಿಸ್ ರೋಗಿಗೆ ಇದು ಬಹಳ ಮುಖ್ಯ. ಅವರಿಗೆ ಮೊದಲೇ ಜ್ವರ, ಮೊದಲೇ ಬಿಪಿ ಕಡಿಮೆ. ರಕ್ತ ಹೊಂದದೆ ಜ್ವರ ಬಂದರೂ "ಕಾಯಿಲೆಯದ್ದೇ" ಎಂದು ದಾಟಿಬಿಡುತ್ತೇವೆ. ಮೊದಲ 15 ನಿಮಿಷ ನಿಧಾನ, ಪಕ್ಕದಲ್ಲೇ ನಿಂತು. ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಉಸಿರು ಹೆಚ್ಚಾಗಿ ಬಿಪಿ ಏರಿದರೆ ದ್ರವದ ಭಾರ ಹೆಚ್ಚಾಗಿದೆ. ಉಸಿರು ಹೆಚ್ಚಾಗಿ ಬಿಪಿ ಇನ್ನೂ ಬಿದ್ದರೆ ಶ್ವಾಸಕೋಶಕ್ಕೆ ರಕ್ತದಿಂದಲೇ ಪೆಟ್ಟಾಗಿರಬಹುದು. ಎರಡರಲ್ಲೂ ಮೊದಲ ಕೆಲಸ ರಕ್ತ ನಿಲ್ಲಿಸುವುದು.

ಮನೆಯವರಿಗೆ

"ಫ್ರೆಶ್ ಬ್ಲಡ್ಡೇ ಬೇಕು" ಎಂದು ಅಲೆಯಬೇಡಿ. ಕೆನಡಾ ಮತ್ತು ಯುರೋಪಿನಲ್ಲಿ 2430 ಐಸಿಯು ರೋಗಿಗಳ ಮೇಲೆ ನಡೆಸಿ ನೋಡಿದ್ದಾರೆ. ಸರಾಸರಿ 6 ದಿನದ ರಕ್ತಕ್ಕೂ 22 ದಿನದ ರಕ್ತಕ್ಕೂ ಜೀವ ಉಳಿಯುವುದರಲ್ಲಿ ವ್ಯತ್ಯಾಸವಿರಲಿಲ್ಲ. ಮಗನ ರಕ್ತವನ್ನೇ ಅಪ್ಪನಿಗೆ ಹಾಕಿ ಎಂದೂ ಹಟ ಮಾಡಬೇಡಿ. ಹತ್ತಿರದ ರಕ್ತಸಂಬಂಧಿಯ ಬಿಳಿ ರಕ್ತಕಣಗಳು ರೋಗಿಯ ದೇಹದಲ್ಲಿ ಉಳಿದು ಅದರ ಮೇಲೇ ತಿರುಗಿ ಬೀಳುವ, ಅಪರೂಪವಾದರೂ ಪ್ರಾಣಕ್ಕೇ ಎರವಾಗುವ ಕಾಯಿಲೆಯೊಂದಿದೆ. ಮಗ ಕೊಟ್ಟ ರಕ್ತ ಬ್ಯಾಂಕಿಗೆ ಹೋಗಲಿ, ಅಪ್ಪನಿಗೆ ಬೇರೆಯವರದ್ದು ಬರಲಿ.

ಡಾಕ್ಟರ್ ರಕ್ತ ಬೇಡ ಎಂದರೆ ಕೈಬಿಟ್ಟರು ಎಂದು ತಿಳಿಯಬೇಡಿ, ನಿಮ್ಮಿಂದ ಏನೋ ತಪ್ಪಿಹೋಯಿತು ಎಂದೂ ಕೊರಗಬೇಡಿ. ಬದಲು ಹೀಗೆ ಕೇಳಿ: ಆಂಟಿಬಯೋಟಿಕ್ ಎಷ್ಟು ಗಂಟೆಗೆ ಶುರುವಾಯಿತು? ಸೋಂಕು ಎಲ್ಲಿದೆ, ತೆಗೆಯಬೇಕಾದ ಕೀವು ಇದೆಯಾ? ಎಲ್ಲಾದರೂ ರಕ್ತ ಹೋಗುತ್ತಿದೆಯಾ? ಇಸಿಜಿ ಸರಿ ಇದೆಯಾ? ಮುಂದಿನ ಎಚ್‌ಬಿ ಯಾವಾಗ? ಗುಂಪು ನೋಡುವ ಸ್ಯಾಂಪಲ್ಲನ್ನು ಮೊದಲೇ ಬ್ಲಡ್ ಬ್ಯಾಂಕಿಗೆ ಕಳಿಸಿಡಲು ಹೇಳಿ. ನಡುರಾತ್ರಿ ಎಚ್‌ಬಿ 6.8 ಎಂದು ಬಂದರೆ ಆಗ ಕ್ರಾಸ್‌ಮ್ಯಾಚ್ ಒಂದೇ ಬಾಕಿ ಇರುತ್ತದೆ.